ಅಳಿಯಕಟ್ಟಿನ ನಾಡಿನಲ್ಲಿ ತಂದೆಯ ಮನೆಯ ಕ್ರಯ

ಮಾರುವವನು ತಂದೆ, ಕೊಳ್ಳುವವರು ಆತನ ಸ್ವಂತ ಮಕ್ಕಳು, ಕ್ರಯವೋ ಊರಿನಲ್ಲಿ ಅಂತಹ ಮನೆಗೆ ಸಲ್ಲತಕ್ಕ ಬೆಲೆಗಿಂತ ಬಹಳ ಕಡಿಮೆ. ಇಂತಹದೊಂದು ಕ್ರಯಪತ್ರವನ್ನು ಬೇರೆ ಸೀಮೆಯವರು ಓದಿದರೆ ಅವರಿಗೆ ಆಶ್ಚರ್ಯವಾಗುವುದು ಸಹಜವೇ ಆಗಿದೆ. ತಂದೆಯ ಮನೆಯು ತಂದೆಯ ಕಾಲಾನಂತರ ಮಕ್ಕಳಿಗೆ ತಾನಾಗಿಯೇ ಬರತಕ್ಕದ್ದಲ್ಲವೆ? ತಾನಾಗಿ ಬರುವುದನ್ನು ಹಣ ಕೊಟ್ಟು ಕೊಳ್ಳುವುದೇಕೆ? ಕೊಳ್ಳುವುದೇ ಆದರೆ ಸರಿಯಾದ ಬೆಲೆಯನ್ನು ಕೊಡದಿರುವುದೇಕೆ? ಬ್ರಹ್ಮಾವರ, ಕುಂದಾಪುರ, ಬೈಂದೂರುಗಳ ಕಡೆಯ ಹಿರಿಯರಿಗೆ ಈ ಪ್ರಶ್ನೆಗಳು ಹೊಸವಲ್ಲ. ಅವುಗಳ ಉತ್ತರವು ಆ ನಾಡಿನ ಹಳೆಯ ದಾಯಪದ್ಧತಿಯಾದ ಅಳಿಯಕಟ್ಟಿನಲ್ಲಿ ಅಡಗಿದೆ. ಆ ಪದ್ಧತಿಯು ಹೋಗಿ ಬಹುಕಾಲವಾದರೂ ತಂದೆತಾಯಿಗಳಿಂದ ಮಕ್ಕಳು ಅಲ್ಪಕ್ರಯಕ್ಕೆ ಮನೆಯನ್ನು ಬರೆಯಿಸಿಕೊಳ್ಳುವ ವಾಡಿಕೆಯು ಹೋಗಿಲ್ಲವಾದುದರಿಂದ, ಇದರ ಪೂರ್ವೋತ್ತರವನ್ನು ವಿಚಾರಿಸುವುದು ಇಂದಿನ ಗೃಹಸ್ಥರಿಗೂ ಪ್ರಯೋಜನಕರವಾದುದು.

ದಕ್ಷಿಣ ಕನ್ನಡದ ಕರಾವಳಿಯಲ್ಲಿ ಒಂದೇ ಗ್ರಾಮದೊಳಗೆ ಎರಡು ಬಗೆಯ ದಾಯಕ್ರಮಗಳು ಅಕ್ಕಪಕ್ಕದಲ್ಲಿ ಬಾಳಿಕೊಂಡು ಬಂದಿದ್ದವು. ಕೋಟದವರು, ಶಿವಳ್ಳಿಯವರು ಮೊದಲಾದ ಬ್ರಾಹ್ಮಣರೂ ಗೌಡ ಸಾರಸ್ವತರೂ ಮಕ್ಕಳಕಟ್ಟಿನವರು. ಅವರಲ್ಲಿ ತಂದೆಯ ಸ್ವತ್ತು ಮಕ್ಕಳಿಗೆ ಇಳಿಯುತ್ತಿತ್ತು. ಬಂಟರು, ಬಿಲ್ಲವರು, ಮೊಗವೀರರು, ದೇವಾಡಿಗರು ಮೊದಲಾದವರು ಅಳಿಯಕಟ್ಟಿನವರು. ಅವರಲ್ಲಿ ಸಂತತಿಯನ್ನು ಎಣಿಸುವುದು ತಾಯಿಯ ಕಡೆಯಿಂದ. ಒಬ್ಬ ಮೂಲಸ್ತ್ರೀಯಿಂದ ಇಳಿದುಬಂದವರೆಲ್ಲರೂ ಸೇರಿ ಒಂದು ಕುಟುಂಬ. ಅದರೊಳಗೆ ಒಬ್ಬೊಬ್ಬ ಹೆಣ್ಣುಮಗಳೂ ಆಕೆಯ ಸಂತಾನವೂ ಒಂದೊಂದು ಕವರು. ಎಲ್ಲಕ್ಕೂ ಮೇಲೆ ಯಜಮಾನ ಅಥವಾ ಯಜಮಾನ್ತಿ. ಈ ಲೆಕ್ಕದಲ್ಲಿ ಗಂಡಸಿಗೆ ತನ್ನ ಹೆಂಡತಿ ಬೇರೆ ಕುಟುಂಬದವಳು. ಮಕ್ಕಳೂ ಬೇರೆ ಕುಟುಂಬದವರೇ. ಆತನ ಕುಟುಂಬವೆಂದರೆ ತಾಯಿ, ಒಡಹುಟ್ಟಿದವರು, ಅಕ್ಕತಂಗಿಯರ ಮಕ್ಕಳು.

ಈ ಕಟ್ಟಿನ ಮೂಲವನ್ನು ಹೇಳುವ ಐತಿಹ್ಯವು ಬ್ರಹ್ಮಾವರದ ಸಮೀಪದ ಬಾರಕೂರಿಗೇ ಸೇರಿದುದು. ದೇವ ಪಾಂಡ್ಯನೆಂಬ ಅರಸನು ಹಡಗುಗಳನ್ನು ಕಟ್ಟಿಸಿ ಕಡಲಿಗಿಳಿಸಬೇಕೆಂದಿದ್ದಾಗ, ಕುಂಡೋದರನೆಂಬ ಭೂತವು ಆತನ ಮಗನೊಬ್ಬನನ್ನು ಬಲಿಯಾಗಿ ಬೇಡಿತಂತೆ. ಅರಸನ ಹೆಂಡತಿಯು ಮಗನನ್ನು ಕೊಡಲು ಒಪ್ಪಲಿಲ್ಲ. ತಂಗಿಯು ತನ್ನ ಮಗನಾದ ಜಯ ಪಾಂಡ್ಯನನ್ನು ಕೊಡಲು ಮುಂದೆ ಬಂದಳು. ಭೂತವು ಮೆಚ್ಚಿ ಹುಡುಗನನ್ನು ಉಳಿಸಿ, ಆತನಿಗೆ ಭೂತಾಳ ಪಾಂಡ್ಯನೆಂದು ಹೆಸರಿಟ್ಟು, ಇನ್ನು ಮುಂದೆ ಸ್ವತ್ತು ಅಳಿಯಂದಿರಿಗೆ ಸಲ್ಲಲೆಂದು ಕಟ್ಟುಮಾಡಿತೆಂದು ಕಥೆ. ಭೂತಾಳ ಪಾಂಡ್ಯನ ಹೆಸರಿನಲ್ಲಿ ಹರಡಿದ್ದ ಕಟ್ಟುಕಟ್ಟಳೆಯ ಗ್ರಂಥವು ಪ್ರಾಚೀನವಲ್ಲವೆಂದು ೧೯ನೆಯ ಶತಮಾನದಲ್ಲಿಯೇ ವಿದ್ವಾಂಸರು ಸಂಶಯಿಸಿದರು. ಕಥೆಯನ್ನು ಚರಿತ್ರೆಯೆಂದು ಎಣಿಸತಕ್ಕದ್ದಿಲ್ಲ. ಆದರೆ ಪದ್ಧತಿಯು ಇದ್ದುದಂತೂ ನಿಜ. ೧೮೦೧ರಲ್ಲಿ ಈ ಸೀಮೆಯ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ಪ್ರವಾಸಿಯು ೧೮೦೭ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸ್ವತ್ತು ಸೋದರಿಯ ಮಕ್ಕಳಿಗೆ ಸಲ್ಲುವ ಈ ಕ್ರಮವನ್ನು ದಾಖಲಿಸಿದ್ದಾನೆ.

ಅಳಿಯಕಟ್ಟಿನಲ್ಲಿ ಅಡಗಿದ್ದ ನ್ಯಾಯವನ್ನು ಮರೆಯುವುದು ಸಲ್ಲದು. ಮೂಲಮನೆಯು ಒಡೆಯುತ್ತಿರಲಿಲ್ಲ, ಗದ್ದೆಗಳು ತುಂಡುತುಂಡಾಗುತ್ತಿರಲಿಲ್ಲ. ಹೆಣ್ಣಿಗೆ ಹುಟ್ಟಿದ ಮನೆಯ ಬಾಗಿಲು ಎಂದಿಗೂ ಮುಚ್ಚುತ್ತಿರಲಿಲ್ಲ. ಗಂಡನು ಸತ್ತರೂ ಬಿಟ್ಟರೂ ಆಕೆಯು ಯಾರ ದಯೆಗೂ ಕಾಯದೆ ತನ್ನ ಕವರಿನ ಹಕ್ಕಿನಿಂದ ಬಾಳಬಹುದಾಗಿತ್ತು. ಮಿಕ್ಕ ಕಡೆಗಳಲ್ಲಿ ವಿಧವೆಯರು ಅನುಭವಿಸಿದ ಅನಾಥಸ್ಥಿತಿಯು ಇಲ್ಲಿ ಅಷ್ಟಾಗಿ ಇರಲಿಲ್ಲವೆಂಬುದಕ್ಕೆ ಕಾರಣ ಇದೇ. ಆದರೆ ಈ ನ್ಯಾಯಕ್ಕೆ ಇನ್ನೊಂದು ಮುಖವೂ ಇತ್ತು. ಸಾಮಾನ್ಯವಾಗಿ ಹೆಂಡತಿಯು ಗಂಡನು ಬದುಕಿರುವವರೆಗೆ ಆತನ ಮನೆಯಲ್ಲಿಯೇ ಸಂಸಾರ ಮಾಡುತ್ತಿದ್ದಳು. ಮಕ್ಕಳು ಆ ಮನೆಯ ಚಾವಡಿಯಲ್ಲಿ ಆಡಿ, ಅದರ ಅಂಗಳದಲ್ಲಿ ಭತ್ತ ಬಡಿದು, ಅದರ ತೋಟಕ್ಕೆ ನೀರು ಹೊತ್ತು ದೊಡ್ಡವರಾಗುತ್ತಿದ್ದರು. ತಂದೆಯು ತೀರಿಕೊಂಡು ಬೊಜ್ಜವು ಮುಗಿದ ಮೇಲೆ ಆ ಮನೆಯಲ್ಲಿ ಅವರಿಗೆ ಹಕ್ಕಿರಲಿಲ್ಲ. ತಾಯಿಮಕ್ಕಳು ಗಂಟುಕಟ್ಟಿಕೊಂಡು ತಾಯಿಯ ಮೂಲಮನೆಗೆ ಹೊರಡಬೇಕು. ಬಿಟ್ಟ ಮನೆಗೆ ತಂದೆಯ ಅಳಿಯಂದಿರು ಬರಬೇಕು. ಗದ್ದೆತೋಟಗಳೆಲ್ಲವೂ ಹಿರಿಯರಿಂದ ಬಂದುದಾಗಿದ್ದ ಕಾಲದಲ್ಲಿ ಇದನ್ನು ಯಾರೂ ಅನ್ಯಾಯವೆಂದು ತಿಳಿಯಲಿಲ್ಲ. ಏಕೆಂದರೆ ಒಬ್ಬನ ಮಕ್ಕಳು ಕಳೆದುಕೊಂಡುದನ್ನು ಅದೇ ಮಕ್ಕಳು ತಮ್ಮ ಸೋದರಮಾವನಿಂದ ಪಡೆಯುತ್ತಿದ್ದರು.

೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಥಿತಿಯು ಬದಲಾಯಿತು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಮುಳಿಹುಲ್ಲಿನ ಮನೆಗಳ ಸ್ಥಾನದಲ್ಲಿ ಹಂಚಿನ ಮನೆಗಳು ಎದ್ದವು. ಮನೆಯೆಂಬುದು ನೆಲಕ್ಕಿಂತ ಬೇರೆಯಾಗಿ ಬೆಲೆಬಾಳುವ ವಸ್ತುವಾಯಿತು. ಕುಂದಾಪುರದ ಕಡೆಯವರು ಘಟ್ಟವನ್ನು ಹತ್ತಿ, ಕಡಲನ್ನು ಹಾದು, ಬೆಂಗಳೂರು, ಮದ್ರಾಸು, ಮುಂಬಯಿಗಳಲ್ಲಿ ಹೋಟೆಲು ವ್ಯಾಪಾರಾದಿಗಳಿಂದ ಹಣ ಗಳಿಸಿದರು. ವಕೀಲರಾದವರು, ಉಪಾಧ್ಯಾಯರಾದವರು, ಗುಮಾಸ್ತರಾದವರು ತಮ್ಮ ಸಂಪಾದನೆಯಿಂದ ಪೇಟೆಯಲ್ಲಿ ಮನೆ ಕಟ್ಟಿಸಿದರು. ಇಂತಹ ಮನೆಯಲ್ಲಿ ಹಿರಿಯರ ಬೆವರು ಇರಲಿಲ್ಲ. ಅನೇಕವೇಳೆ ಹೆಂಡತಿಯ ಚಿನ್ನವೂ ಮಕ್ಕಳ ದುಡಿಮೆಯೂ ಸೇರಿದ್ದವು. ಆದರೂ ಕಟ್ಟಿಸಿದವನು ಏನನ್ನೂ ಬರೆದಿಡದೆ ಸತ್ತರೆ ಆ ಸ್ವಾರ್ಜಿತವೂ ಆತನ ಕುಟುಂಬಕ್ಕೇ ಸೇರುತ್ತಿತ್ತು. ತಂದೆಯ ಮನಸ್ಸು ಒಂದು ಕಡೆಗೂ ಕಟ್ಟಳೆಯು ಇನ್ನೊಂದು ಕಡೆಗೂ ಎಳೆಯತೊಡಗಿದುದು ಇಲ್ಲಿಂದಲೇ.

ಇದರ ಮೇಲೆ ನ್ಯಾಯಸ್ಥಾನಗಳು ಕಟ್ಟನ್ನು ಮತ್ತಷ್ಟು ಬಿಗಿಗೊಳಿಸಿದುವು. ೧೮೬೨ರಲ್ಲಿ ಉತ್ತರ ಕನ್ನಡವು ಮುಂಬಯಿ ಆಧಿಪತ್ಯಕ್ಕೆ ಹೋದಾಗ ಕುಂದಾಪುರ ತಾಲೂಕು ದಕ್ಷಿಣ ಕನ್ನಡದೊಡನೆ ಮದ್ರಾಸಿನಲ್ಲಿಯೇ ಉಳಿದುದರಿಂದ, ಕುಂದಾಪುರದ ಮುನಸೀಫ್ ಕೋರ್ಟಿನ ವ್ಯಾಜ್ಯಗಳಿಗೆ ಕೊನೆಯ ಮಾತು ಮದ್ರಾಸು ಹೈಕೋರ್ಟಿನದಾಗಿತ್ತು. ಮುಂಡ ಚೆಟ್ಟಿ ಮತ್ತು ತಿಮ್ಮಾಜು ಹೆಂಗ್ಸು ಇವರ ವ್ಯಾಜ್ಯದಲ್ಲಿ ಆ ಕೋರ್ಟು ೧೮೬೩ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಅಳಿಯಸಂತಾನ ಕುಟುಂಬದ ಯಾವನೊಬ್ಬನೂ ಬಲಾತ್ಕಾರವಾಗಿ ಪಾಲು ಕೇಳುವಂತಿರಲಿಲ್ಲ. ೧೮೮೩ರಲ್ಲಿ ಅದೇ ಕೋರ್ಟು ಒಂದು ಕ್ರಿಮಿನಲ್ ಪ್ರಕರಣದಲ್ಲಿ, ಈ ಕಟ್ಟಿನ ದಾಂಪತ್ಯವು ದಂಡಸಂಹಿತೆಯ ಅರ್ಥದಲ್ಲಿ ವಿವಾಹವೇ ಅಲ್ಲವೆಂದು ಹೇಳಿತು. ಧಾರೆಯೆರೆದು, ಊರವರಿಗೆ ಊಟವಿಕ್ಕಿ ಕೈಹಿಡಿದ ಹೆಂಡತಿಯು ಕಾಯಿದೆಯ ಕಣ್ಣಿಗೆ ಹೆಂಡತಿಯಲ್ಲ. ಆಕೆಯಲ್ಲಿ ಹುಟ್ಟಿದವರು ತಂದೆಗೆ ವಾರಸುದಾರರಲ್ಲ. ಇಂತಹ ಸ್ಥಿತಿಯಲ್ಲಿ ತಾನು ಕಟ್ಟಿಸಿದ ಮಾಡಿನ ಕೆಳಗೆ ತನ್ನ ಮಕ್ಕಳೇ ಉಳಿಯಬೇಕೆಂದು ಬಯಸಿದ ತಂದೆಯು ಬದುಕಿರುವಾಗಲೇ ದಾರಿಯನ್ನು ಹುಡುಕಬೇಕಾಗಿತ್ತು.

ಅಂತಹವನ ಮುಂದೆ ನಾಲ್ಕು ದಾರಿಗಳಿದ್ದವು. ಮೊದಲನೆಯದು ಮರಣಶಾಸನ. ಅಳಿಯಸಂತಾನದವರು ಮರಣಶಾಸನವನ್ನು ಮಾಡಬಹುದೆಂಬುದನ್ನು ೧೮೯೮ರ ಮಲಬಾರ್ ವಿಲ್ಸ್ ಆಕ್ಟು ಸ್ಪಷ್ಟಪಡಿಸಿತು. ಆದರೆ ಅದು ಬರೆದವನು ಸತ್ತ ಮೇಲೆ ಮಾತನಾಡುವ ಪತ್ರವಾದುದರಿಂದ, ತಕರಾರು ಎದ್ದಾಗ ಉತ್ತರ ಹೇಳಲು ಆತನೇ ಇರುವುದಿಲ್ಲ. ಎರಡನೆಯದು ಮೂಲಗೇಣಿ, ಅಲ್ಪವಾದ ಗೇಣಿಯನ್ನು ನಿಗದಿಮಾಡಿ ಶಾಶ್ವತವಾಗಿ ವಹಿಸಿಕೊಡುವುದು. ಇದರಲ್ಲಿ ಅನುಭವವು ಮಕ್ಕಳಿಗೆ ಬಂದರೂ ಒಡೆತನವು ಕುಟುಂಬದಲ್ಲಿಯೇ ಉಳಿಯುತ್ತಿತ್ತು. ಮೂರನೆಯದು ದಾನಪತ್ರ. ಸ್ವಾರ್ಜಿತವನ್ನು ದಾನಮಾಡಲು ತಂದೆಗೆ ಅಡ್ಡಿಯಿರಲಿಲ್ಲ. ಅಡ್ಡಿಯಿದ್ದುದು ಅದು ಸ್ವಾರ್ಜಿತವೆಂದು ತೋರಿಸುವುದರಲ್ಲಿ. ದಾನಿಯು ಕುಟುಂಬದ ಯಜಮಾನನೂ ಆಗಿದ್ದರೆ, ಮನೆಗೆ ಹಾಕಿದ ಹಣವು ಕುಟುಂಬದ ಗೇಣಿಯ ಹಣವೇ ಎಂದು ಅಳಿಯಂದಿರು ವಾದಿಸುವರು. ಕುಟುಂಬದ ಸ್ವತ್ತೆಂದು ಸಿದ್ಧವಾದರೆ ದಾನವು ನಿಲ್ಲದು. ಇನ್ನೊಂದು ತೊಡಕೂ ಇತ್ತು. ಅಳಿಯಕಟ್ಟಿನಂತೆಯೇ ಇದ್ದ ಮಲಬಾರಿನ ಮರುಮಕ್ಕತ್ತಾಯದ ಒಂದು ವ್ಯಾಜ್ಯದಲ್ಲಿ, ತಂದೆಯು ಹೆಂಡತಿಗೂ ಮಕ್ಕಳಿಗೂ ಒಟ್ಟಾಗಿ ಕೊಟ್ಟ ದಾನವನ್ನು ಅವರು ತಾಯಿಯ ಕಡೆಯ ಕುಟುಂಬದ ಸ್ವತ್ತಿನ ರೀತಿಯಲ್ಲಿಯೇ ಹೊಂದುವರೆಂದು ಭಾವಿಸತಕ್ಕದ್ದೆಂದು ಮದ್ರಾಸು ಹೈಕೋರ್ಟು ೧೯ನೆಯ ಶತಮಾನದ ಕೊನೆಯ ದಶಕದಲ್ಲಿ ತೀರ್ಮಾನಿಸಿತು. ಹಾಗಾದರೆ ತಂದೆಯು ಮಗನಿಗೆಂದು ಕೊಟ್ಟ ಮನೆಯು ಮುಂದೆ ಆ ಮಗನ ಮಕ್ಕಳಿಗೆ ಹೋಗದೆ ಮತ್ತೆ ಹೆಣ್ಣುಸಂತತಿಯ ಹಾದಿಯನ್ನೇ ಹಿಡಿಯುವುದು.

ನಾಲ್ಕನೆಯದು ಕ್ರಯಪತ್ರ. ಇದರಲ್ಲಿ ಮೂರು ಅನುಕೂಲಗಳಿದ್ದವು. ಕೊಂಡವನು ತನ್ನ ಹಣದಿಂದ ಕೊಂಡುದು ಆತನ ಸ್ವಂತದ್ದೇ ಆಗುವುದು. ಸ್ವತ್ತಿಗೆ ಕುಟುಂಬದ ಸೋಂಕಿದ್ದರೂ, ಯಜಮಾನನು ಕುಟುಂಬದ ಅವಶ್ಯಕತೆಗಾಗಿ ಪ್ರತಿಫಲವನ್ನು ಪಡೆದು ಮಾಡಿದ ಪರಭಾರೆಗೆ ಕಾಯಿದೆಯಲ್ಲಿ ನೆಲೆಯುಂಟು. ದಾನಕ್ಕೆ ಅಂತಹ ನೆಲೆಯಿಲ್ಲ. ಮೂರನೆಯದಾಗಿ, ಬರೆದವನು ಬದುಕಿರುವಾಗಲೇ ನೋಂದಾವಣೆಯ ಕಚೇರಿಯಲ್ಲಿ ತಾನೇ ನಿಂತು ಒಪ್ಪಿಕೊಂಡ ಪತ್ರವಿದು. ಒಂದುನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಸ್ವತ್ತಿನ ಕ್ರಯಕ್ಕೆ ನೋಂದಾವಣೆ ಆವಶ್ಯಕವೆಂದು ೧೮೮೨ರ ಸ್ವತ್ತು ವರ್ಗಾವಣೆಯ ಕಾಯಿದೆಯು ವಿಧಿಸಿತು.

ಪ್ರೀತಿಯಿಂದ ಕೊಡುವುದನ್ನು ಮಾರಾಟವೆಂದು ಬರೆಯುವುದು ಕಪಟವಲ್ಲವೆ ಎಂಬ ಆಕ್ಷೇಪವು ಇಲ್ಲಿ ಏಳಬಹುದು. ಆದರೆ ದಾನಕ್ಕೂ ಕ್ರಯಕ್ಕೂ ನಡುವಣ ಗೋಡೆಯು ಹಿಂದಿನವರಿಗೆ ಇಷ್ಟು ಎತ್ತರವಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು, ಸ್ಥಾವರವನ್ನು ಮಾರಬಾರದೆಂಬ ಪೂರ್ವವಚನವನ್ನು ಎತ್ತಿಕೊಂಡು, ಮಾರಲೇಬೇಕಾದಲ್ಲಿ ಹೊನ್ನನ್ನೂ ನೀರನ್ನೂ ಕೊಟ್ಟು ದಾನದ ರೂಪದಲ್ಲಿ ಮಾರತಕ್ಕದ್ದೆಂದು ಸಮಾಧಾನ ಹೇಳುತ್ತಾನೆ. ಗ್ರಾಮದವರು, ಜ್ಞಾತಿಗಳು, ನೆರೆಹೊಲದವರು, ದಾಯಾದಿಗಳು ಇವರ ಅನುಮತಿಯನ್ನೂ ಆತನು ವಿವರಿಸುತ್ತಾನೆ. ಗ್ರಾಮದ ಅನುಮತಿಯು ವ್ಯವಹಾರವು ಬಹಿರಂಗವಾಗಲೆಂದೂ ನೆರೆಯವರ ಅನುಮತಿಯು ಮುಂದೆ ಗಡಿಯ ಜಗಳ ಬಾರದಿರಲೆಂದೂ ಆತನ ಅಭಿಪ್ರಾಯ. ಅಂದರೆ ಅಂದು ಕ್ರಯವು ದಾನದ ಉಡುಗೆಯನ್ನುಟ್ಟು ನಡೆಯಿತು. ಏಳೆಂಟುನೂರು ವರ್ಷಗಳ ತರುವಾಯ ಕುಂದಾಪುರದ ಸೀಮೆಯಲ್ಲಿ ದಾನವು ಕ್ರಯದ ಉಡುಗೆಯನ್ನುಟ್ಟಿತು. ಎರಡು ಸಂದರ್ಭಗಳಲ್ಲಿಯೂ ಉಡುಗೆಯನ್ನು ಹೊಲಿದುದು ಕಾಯಿದೆಯ ನಿಷೇಧವೇ ಹೊರತು ಜನರ ವಂಚನೆಯಲ್ಲ.

ಬೆಲೆಯ ವಿಷಯದಲ್ಲಿಯೂ ಹಿಂದಿನವರಿಗೆ ಖಚಿತವಾದ ಭಾವನೆಯಿತ್ತು. ವಿಜಯನಗರದ ಕಾಲದ ಮತ್ತು ಅನಂತರದ ಕ್ರಯಶಾಸನಗಳಲ್ಲಿ ಬೆಲೆಯನ್ನು ತತ್ಕಾಲೋಚಿತವಾದುದು, ಉಭಯವಾದಿಗಳಿಗೆ ಸಮ್ಮತವಾದುದು, ಮಧ್ಯಸ್ಥರಿಂದ ಪರಿಕಲ್ಪಿತವಾದುದು ಎಂಬ ವಿಶೇಷಣಗಳಿಂದ ಹೇಳುವ ರೂಢಿಯನ್ನು ಕಾಣುತ್ತೇವೆ. ಬಾರಕೂರ ಗದ್ಯಾಣದಲ್ಲಿ ಲೆಕ್ಕವಿಡುತ್ತಿದ್ದ ನಾಡಿಗೆ ಮಾರುಕಟ್ಟೆಯ ಬೆಲೆಯೆಂಬ ಕಲ್ಪನೆಯು ಪರಕೀಯವಾಗಿರಲಿಲ್ಲ. ಆದರೆ ಆ ಬೆಲೆಯು ಮೂರು ಕಾಲುಗಳ ಮೇಲೆ ನಿಂತಿತ್ತು: ಕಾಲಕ್ಕೆ ಉಚಿತವಾಗಿರಬೇಕು, ಇಬ್ಬರೂ ಒಪ್ಪಿರಬೇಕು, ನಡುವಣ ಮೂರನೆಯವನು ನೋಡಿ ಕಟ್ಟಿರಬೇಕು. ತಂದೆಮಕ್ಕಳ ಅಲ್ಪಕ್ರಯದಲ್ಲಿ ಎರಡನೆಯ ಕಾಲು ಬಲವಾಗಿಯೇ ಇತ್ತು. ಮೊದಲನೆಯದನ್ನು ಬುದ್ಧಿಪೂರ್ವಕವಾಗಿ ಬಿಟ್ಟಿದ್ದರು. ವ್ಯಾಜ್ಯಗಳಿಗೆ ಮೂಲವಾದುದು ಮೂರನೆಯದನ್ನು ಮರೆತುದು.

ಇಂಗ್ಲಿಷರ ಕಾಯಿದೆಯು ಅಲ್ಪಕ್ರಯವನ್ನು ನಿಷೇಧಿಸಲಿಲ್ಲ. ಒಪ್ಪಿಗೆಯು ಸ್ವತಂತ್ರವಾಗಿದ್ದರೆ ಪ್ರತಿಫಲವು ಸಾಲದೆಂಬ ಒಂದೇ ಕಾರಣದಿಂದ ಕರಾರು ಅಸಿಂಧುವಾಗುವುದಿಲ್ಲವೆಂದು ೧೮೭೨ರ ಕರಾರು ಕಾಯಿದೆಯ ೨೫ನೆಯ ಪ್ರಕರಣವು ಹೇಳುತ್ತದೆ. ಆದರೆ ಒಪ್ಪಿಗೆಯು ಸ್ವತಂತ್ರವಾಗಿತ್ತೆ ಎಂಬುದನ್ನು ನಿರ್ಣಯಿಸುವಾಗ ಪ್ರತಿಫಲದ ಅಲ್ಪತೆಯನ್ನು ನ್ಯಾಯಸ್ಥಾನವು ಗಮನಿಸಬಹುದೆಂದೂ ಅಲ್ಲಿಯೇ ಹೇಳಿದೆ. ಆದುದರಿಂದ ಬೆಲೆಯು ಕಡಿಮೆಯಾಗಿರಬಹುದು, ಸುಳ್ಳಾಗಿರಬಾರದು. ಸಾವಿರ ರೂಪಾಯಿಯ ಕ್ರಯವನ್ನು ಬರೆದು ಸಾವಿರವನ್ನೂ ಸಲ್ಲಿಸಿದವನಿಗೆ ರಕ್ಷೆಯುಂಟು. ಮೂರು ಸಾವಿರವೆಂದು ಬರೆದು ಏನನ್ನೂ ಸಲ್ಲಿಸದವನಿಗೆ ರಕ್ಷೆಯಿಲ್ಲ.

ದೃಷ್ಟಾಂತಕ್ಕಾಗಿ ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಬೈಂದೂರಿನ ಕಡೆಯ ಗೃಹಸ್ಥನೊಬ್ಬನು ೧೯೨೦ರ ಸುಮಾರಿಗೆ ಪರಸ್ಥಳದ ಸಂಪಾದನೆಯಿಂದ ಮನೆಯೊಂದನ್ನು ಕಟ್ಟಿಸಿದನೆನ್ನೋಣ; ಊರಿನ ಲೆಕ್ಕದಲ್ಲಿ ಅದಕ್ಕೆ ೩೦೦೦ ರೂಪಾಯಿ ಬೆಲೆ. ಹಂಚು ಹಾಕಿಸುವಾಗ ಹೆಂಡತಿಯ ಸರವನ್ನು ಮಾರಿ ಬಂದ ೩೦೦ ರೂಪಾಯಿ ಸೇರಿದೆ. ಮನೆಯ ಮೇಲೆ ಒಬ್ಬ ಸಾಹುಕಾರನಿಗೆ ೪೦೦ ರೂಪಾಯಿಯ ಅಡವಿದೆ. ಇಬ್ಬರು ಗಂಡುಮಕ್ಕಳು ದುಡಿಯತೊಡಗಿದ್ದಾರೆ. ತಂದೆಯು ೧೦೦೦ ರೂಪಾಯಿಗೆ ಅವರಿಗೆ ಮನೆಯನ್ನು ಬರೆದುಕೊಡುತ್ತಾನೆ. ಮಕ್ಕಳು ಅಡವನ್ನು ತೀರಿಸಿ ಸಾಹುಕಾರನಿಂದ ರಶೀತಿ ಪಡೆಯುತ್ತಾರೆ. ತಾಯಿಗೆ ಸಲ್ಲತಕ್ಕ ೩೦೦ನ್ನು ಆಕೆಯ ಹೆಸರಿಗೆ ಕೊಡುತ್ತಾರೆ. ಮಿಕ್ಕ ೩೦೦ನ್ನು ಸಬ್‌ರಿಜಿಸ್ತ್ರಾರನ ಮುಂದೆ ಎಣಿಸುತ್ತಾರೆ. ತಂದೆತಾಯಿಗಳು ಬದುಕಿರುವವರೆಗೆ ಆ ಮನೆಯಲ್ಲಿಯೇ ವಾಸಿಸತಕ್ಕದ್ದೆಂದೂ ಅನ್ನವಸ್ತ್ರಗಳನ್ನು ಮಕ್ಕಳು ನೋಡಿಕೊಳ್ಳತಕ್ಕದ್ದೆಂದೂ ಪತ್ರದಲ್ಲಿ ಒಂದು ವಾಕ್ಯವನ್ನು ಸೇರಿಸುತ್ತಾರೆ. ಉಳಿದ ೨೦೦೦ ರೂಪಾಯಿ ತಂದೆಯ ಪ್ರೀತಿ. ಅದು ಪತ್ರದಲ್ಲಿ ಬರೆಯಲ್ಪಡಲಿಲ್ಲ, ಬರೆಯಲ್ಪಡಬೇಕಾಗಿಯೂ ಇರಲಿಲ್ಲ.

ಹೀಗೆ ನಡೆದ ಕ್ರಯದಲ್ಲಿ ಹೇಳತಕ್ಕ ದೋಷವಿಲ್ಲ. ಆದರೆ ಎಲ್ಲ ಕ್ರಯಗಳೂ ಹೀಗೆ ನಡೆಯುತ್ತಿರಲಿಲ್ಲ. ತಂದೆಯು ಯಜಮಾನನಾಗಿದ್ದು ಕುಟುಂಬದ ಗದ್ದೆಯನ್ನೇ ತನ್ನದೆಂದು ಮಕ್ಕಳಿಗೆ ಬರೆದರೆ ಅದು ಸೋದರಿಯ ಮಕ್ಕಳ ಅನ್ನವನ್ನು ಕಸಿದಂತಾಯಿತು. ಅವರು ನ್ಯಾಯಸ್ಥಾನಕ್ಕೆ ಹೋದುದನ್ನು ದುರಾಶೆಯೆನ್ನಲಾಗದು. ಸಾಲದಲ್ಲಿ ಮುಳುಗಿದ ತಂದೆಯು ಸಾಲಿಗರ ಕೈಗೆ ಮನೆ ಸಿಕ್ಕದಿರಲೆಂದು ಮಕ್ಕಳಿಗೆ ಬರೆದರೆ, ೧೮೮೨ರ ಕಾಯಿದೆಯ ೫೩ನೆಯ ಪ್ರಕರಣದ ಪ್ರಕಾರ ಸಾಲಿಗರು ಅದನ್ನು ರದ್ದುಪಡಿಸಬಹುದಾಗಿತ್ತು. ಕ್ರಯವು ಅಲ್ಪವಾದಷ್ಟೂ ಇಂತಹ ಸಂಶಯವು ಬಲವಾಗುವುದು. ಒಂದೇ ದಸ್ತಾವೇಜು ಒಬ್ಬನ ಕೈಯಲ್ಲಿ ವಾತ್ಸಲ್ಯದ ಸಾಧನ, ಇನ್ನೊಬ್ಬನ ಕೈಯಲ್ಲಿ ಮೋಸದ ಸಾಧನ. ಇವೆರಡನ್ನು ಬೇರ್ಪಡಿಸಲು ನ್ಯಾಯಾಧೀಶನಿಗಿದ್ದ ಗುರುತುಗಳು ಕೆಲವೇ: ಹಣವು ನಿಜವಾಗಿ ಕೈಬದಲಾಯಿಸಿತೆ, ಅದು ಕೊಂಡವನದೆ, ವ್ಯವಹಾರವು ಬಹಿರಂಗವಾಗಿ ನಡೆಯಿತೆ, ಹಕ್ಕುಳ್ಳ ಇತರರಿಗೆ ಗೊತ್ತಿತ್ತೆ. ಕೊನೆಯ ಎರಡು ಗುರುತುಗಳು ವಿಜ್ಞಾನೇಶ್ವರನು ಹೇಳಿದುವೇ ಆಗಿವೆಯೆಂಬುದು ಗಮನಾರ್ಹ.

ಕಾಯಿದೆಯು ಜನರ ಮನಸ್ಸನ್ನು ಹಿಂಬಾಲಿಸಲು ಅರ್ಧಶತಮಾನ ಹಿಡಿಯಿತು. ೧೮೯೬ರ ಮಲಬಾರ್ ವಿವಾಹದ ಕಾಯಿದೆಯು ಅಳಿಯಸಂತಾನದವರೂ ತಮ್ಮ ದಾಂಪತ್ಯವನ್ನು ನೋಂದಾಯಿಸಬಹುದೆಂದು ಅವಕಾಶವಿತ್ತಿತು. ಆದರೆ ನೋಂದಾಯಿಸಿದವರು ಅತ್ಯಲ್ಪ. ಧಾರೆಯೆರೆದು ಆದ ಮದುವೆಗೆ ಕಚೇರಿಯ ಮುದ್ರೆ ಏಕೆಂಬ ಭಾವನೆಯೂ ಇದಕ್ಕೆ ಕಾರಣವಾಗಿರಬಹುದು. ೧೯೪೯ರಲ್ಲಿ ಮದ್ರಾಸು ಶಾಸನಸಭೆಯು ಅಳಿಯಸಂತಾನ ಕಾಯಿದೆಯನ್ನು, ಅಂದರೆ ಆ ವರ್ಷದ ೯ನೆಯ ಕಾಯಿದೆಯನ್ನು, ಅಂಗೀಕರಿಸಿ ವಿವಾಹ, ಜೀವನಾಂಶ, ಪಾಲನೆ, ಉತ್ತರಾಧಿಕಾರ, ವಿಭಾಗ ಇವುಗಳನ್ನು ಕ್ರಮಗೊಳಿಸಿತು. ೧೮೬೩ರ ತೀರ್ಪು ಮುಚ್ಚಿದ್ದ ಬಾಗಿಲು ತೆರೆದು, ಕವರುಗಳು ಪಾಲು ಕೇಳಬಹುದೆಂದಾಯಿತು. ೧೯೫೬ರ ಜೂನ್ ೧೭ರಂದು ಹಿಂದೂ ಉತ್ತರಾಧಿಕಾರದ ಕಾಯಿದೆಯು ಜಾರಿಗೆ ಬಂದಿತು; ಅದರ ೭ನೆಯ ಮತ್ತು ೧೭ನೆಯ ಪ್ರಕರಣಗಳು ಅಳಿಯಸಂತಾನದವರನ್ನು ಹೆಸರಿಸಿಯೇ ವಿಧಿಸಿದುವು. ಅಂದಿನಿಂದ ಅಳಿಯಕಟ್ಟಿನ ಗಂಡಸು ಏನನ್ನೂ ಬರೆದಿಡದೆ ಸತ್ತರೂ ಆತನ ಸ್ವತ್ತು ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇವರಿಗೆ ಸಲ್ಲುವುದಾಯಿತು. ಅದೇ ವರ್ಷದ ನವೆಂಬರ್ ೧ರಂದು ದಕ್ಷಿಣ ಕನ್ನಡವು ಮೈಸೂರು ರಾಜ್ಯದೊಳಗೆ ಸೇರಿ, ಮದ್ರಾಸಿನ ನ್ಯಾಯಸ್ಥಾನದ ನಂಟೂ ಕಡಿಯಿತು.

ಇದರಿಂದ ಅಲ್ಪಕ್ರಯದ ಹಳೆಯ ಕಾರಣವು ಹೋಯಿತು, ಸಾಧನವು ಉಳಿಯಿತು. ಹಿಂದೆ ಅದು ಕಾಯಿದೆಯು ಹೊರಗಿಟ್ಟ ಮ‌ಕ್ಕಳನ್ನು ಒಳಗೆ ತರುವುದಕ್ಕೆ ಒದಗುತ್ತಿತ್ತು. ಈಗ ಕಾಯಿದೆಯು ಒಳಗೆ ತಂದ ಮಕ್ಕಳಲ್ಲಿ ಕೆಲವರನ್ನು ಹೊರಗಿಡುವುದಕ್ಕೂ ಅದು ಒದಗತೊಡಗಿತು. ಅಳಿಯಕಟ್ಟಿನಲ್ಲಿ ಮನೆಯ ಬೇರೇ ಆಗಿದ್ದವಳು ಹೆಣ್ಣುಮಗಳು. ಆ ನಾಡಿನಲ್ಲಿಯೇ, ಊರಲ್ಲಿ ಉಳಿದ ಮಗನಿಗೆ ತಂದೆಯು ಅಲ್ಪಕ್ರಯಕ್ಕೆ ಮನೆಯನ್ನು ಬರೆದ ಸಂಗತಿಯು ಮದುವೆಯಾಗಿ ಹೋದ ಮಗಳಿಗೆ ತಂದೆ ತೀರಿದ ಮೇಲೆ ತಿಳಿಯುವಂತಾದರೆ, ಕಾಲವು ಎಷ್ಟು ತಿರುಗಿತೆಂದು ಊಹಿಸಬಹುದು. ಮಕ್ಕಳಕಟ್ಟಿನ ಕುಟುಂಬಗಳಲ್ಲಿ ೨೦೦೫ರ ತಿದ್ದುಪಡಿಯು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಭಾಗವನ್ನು ಕೊಟ್ಟಿತು. ಸ್ವಾರ್ಜಿತವನ್ನು ಯಾರಿಗೆ ಬೇಕಾದರೂ, ಯಾವ ಬೆಲೆಗೆ ಬೇಕಾದರೂ ಕೊಡುವ ಅಧಿಕಾರವು ತಂದೆತಾಯಿಗಳಿಗೆ ಇದ್ದೇ ಇದೆ. ಆದರೆ ಅಧಿಕಾರವಿದ್ದ ಮಾತ್ರಕ್ಕೆ ನ್ಯಾಯವಾಯಿತೆಂದು ಹೇಳುವಂತಿಲ್ಲ. ಊರಲ್ಲಿದ್ದು ಮುದುಕರನ್ನು ನೋಡಿಕೊಂಡ ಮಗನಿಗೋ ಮಗಳಿಗೋ ಬೆಲೆಯಲ್ಲಿ ರಿಯಾಯಿತಿ ಸಲ್ಲುವುದು ಉಚಿತವೇ. ಆ ರಿಯಾಯಿತಿಯು ಇತರರಿಗೆ ತಿಳಿದು ಸಲ್ಲಬೇಕು.

ಇಂದಿನ ಕಾಯಿದೆಯೂ ಈ ವ್ಯವಹಾರವನ್ನು ಹಲವು ಕಡೆಗಳಿಂದ ಸುತ್ತುವರಿದಿದೆ. ಕರ್ನಾಟಕದ ೧೯೫೭ರ ಮುದ್ರಾಂಕ ಕಾಯಿದೆಯ ೪೫ಎ ಪ್ರಕರಣದ ಪ್ರಕಾರ, ಪತ್ರದಲ್ಲಿ ಬರೆದ ಬೆಲೆಯು ಅಲ್ಪವಾದರೂ ಮುದ್ರಾಂಕವನ್ನು ಮಾರುಕಟ್ಟೆಯ ಬೆಲೆಯ ಮೇಲೆಯೇ ಕೊಡಬೇಕಾಗಬಹುದು. ಇದಕ್ಕಾಗಿ ಸರಕಾರವು ಮಾರ್ಗಸೂಚಿ ಬೆಲೆಗಳನ್ನು ಗೊತ್ತುಪಡಿಸುತ್ತದೆ. ಹತ್ತಿರದ ಬಂಧುಗಳಿಗೆ ಮಾಡುವ ದಾನಕ್ಕಾದರೋ ನಿಗದಿಯಾದ ಸ್ವಲ್ಪ ಮುದ್ರಾಂಕವು ಸಾಕು. ಆದಾಯ ತೆರಿಗೆಯವರು ಮಾರಿದ ತಂದೆಯ ಲಾಭವನ್ನು ಲೆಕ್ಕಹಾಕುವಾಗ ಬರೆದ ಬೆಲೆಗೆ ಬದಲಾಗಿ ಮುದ್ರಾಂಕದ ಬೆಲೆಯನ್ನು ಹಿಡಿಯುವುದುಂಟು. ಆದುದರಿಂದ ಪ್ರೀತಿಯಿಂದ ಕೊಡುವುದನ್ನು ಮಾರಾಟವೆಂದು ಬರೆಯುವ ಅವಶ್ಯಕತೆಯು ಇಂದು ಬಹಳ ಮಟ್ಟಿಗೆ ಇಲ್ಲವಾಗಿದೆ. ಬರೆದರೂ ಬೆಲೆಯು ನಿಜವಾಗಿಯೇ ಸಲ್ಲಬೇಕು. ಬೆಲೆಯನ್ನು ಕೊಡದೆ, ಮುಂದೆ ಕೊಡುವೆವೆಂಬ ಒಪ್ಪಂದವೂ ಇಲ್ಲದೆ ಆದ ಕ್ರಯಪತ್ರವು ಕಾಯಿದೆಯ ದೃಷ್ಟಿಯಲ್ಲಿ ಕ್ರಯವೇ ಅಲ್ಲವೆಂದು ಸುಪ್ರೀಂ ಕೋರ್ಟು ೨೦೨೧ರ ನವೆಂಬರಿನಲ್ಲಿ ಕೇವಲ್ ಕೃಷನ್ ಅವರ ವ್ಯಾಜ್ಯದಲ್ಲಿ ಹೇಳಿದೆ.

ಇವೆಲ್ಲಕ್ಕಿಂತ ಮುಖ್ಯವಾದುದು ಮಾರಿದವರ ಆಶ್ರಯದ ಪ್ರಶ್ನೆ. ಅಳಿಯಕಟ್ಟಿನ ಕಾಲದಲ್ಲಿ ತಂದೆಯು ಮಕ್ಕಳಿಗೆ ಮನೆಯನ್ನು ಬರೆದುಕೊಟ್ಟು ಅವರೊಡನೆ ಕೆಟ್ಟರೂ ಆತನಿಗೆ ತನ್ನ ಮೂಲಮನೆಯಲ್ಲಿ ಒಂದು ಕೋಣೆ, ಒಂದು ಎಲೆ ಊಟ ಇದ್ದೇ ಇತ್ತು. ಅದನ್ನು ಯಾರೂ ಇಲ್ಲವೆನ್ನುವಂತಿರಲಿಲ್ಲ. ಮೂಲಮನೆಗಳು ಪಾಲಾಗಿ ಹೋದ ಮೇಲೆ, ಇದ್ದ ಒಂದೇ ಮನೆಯನ್ನು ಬರೆದುಕೊಟ್ಟ ಮುದುಕರಿಗೆ ಹಿಂದಿರುಗಲು ಬೇರೆ ಬಾಗಿಲಿಲ್ಲ. ೨೦೦೭ರ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯ ೨೩ನೆಯ ಪ್ರಕರಣವು ಈ ಕೊರತೆಯನ್ನು ತುಂಬಲು ಯತ್ನಿಸುತ್ತದೆ: ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ದಾನದಿಂದಾಗಲಿ ಬೇರೆ ವಿಧದಿಂದಾಗಲಿ ಸ್ವತ್ತನ್ನು ವಹಿಸಿಕೊಟ್ಟಿದ್ದು, ಪಡೆದವರು ಆ ಷರತ್ತಿಗೆ ತಪ್ಪಿದರೆ, ವಹಿಸಿಕೊಟ್ಟುದನ್ನು ರದ್ದುಮಾಡಿಸಬಹುದು. ಆದರೆ ಅಂತಹ ಷರತ್ತು ಇದ್ದುದು ಸಿದ್ಧವಾಗಬೇಕೆಂದು ೨೦೨೨ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಮೇಲೆ ಊಹಿಸಿದ ದೃಷ್ಟಾಂತದ ತಂದೆಯು ಪತ್ರದಲ್ಲಿ ಸೇರಿಸಿದ ಆ ಒಂದು ವಾಕ್ಯದ ಬೆಲೆ ಎಷ್ಟೆಂಬುದು ಇದರಿಂದ ತಿಳಿಯುವುದು. ಅನೇಕರು ಅದನ್ನು ಬರೆಯಿಸಲು ಸಂಕೋಚಪಡುತ್ತಾರೆ. ಮಕ್ಕಳ ಮೇಲೆ ನಂಬಿಕೆಯಿಲ್ಲವೆಂದು ಊರವರು ತಿಳಿದಾರೆಂಬ ಅಳುಕು ಅವರದು. ಆದರೆ ಒಳ್ಳೆಯ ಮಕ್ಕಳಿಗೆ ಆ ವಾಕ್ಯವು ಭಾರವಲ್ಲ.

ಬಾರಕೂರಿನ ಐತಿಹ್ಯದಲ್ಲಿ ಒಬ್ಬಳು ತಾಯಿ ಮಗನನ್ನು ಕೊಡಲಾರದೆ ಹೋದಳೆಂದು ಮಕ್ಕಳಿಗೆ ಸ್ವತ್ತು ತಪ್ಪಿತು. ಅದನ್ನು ಮತ್ತೆ ಮಕ್ಕಳ ಕೈಗೆ ಮುಟ್ಟಿಸಲು ತಂದೆಯಂದಿರು ಕಾಯಿದೆಯು ಬದಲಾಗುವವರೆಗೂ ಕ್ರಯಪತ್ರಗಳನ್ನು ಬರೆದರು. ಅವರು ಕಡಿಮೆ ಬೆಲೆಯನ್ನು ಬರೆದುದಕ್ಕೆ ಕಾರಣವಿತ್ತು. ಸಾಕ್ಷಿಗಳನ್ನು ಕರೆದುದಕ್ಕೂ ಕಾರಣವಿತ್ತು. ಇಂದು ತಂದೆತಾಯಿಗಳಿಂದ ಅಲ್ಪಕ್ರಯಕ್ಕೆ ಮನೆಯನ್ನು ಕೊಳ್ಳುವ ಮಕ್ಕಳು ಮೊದಲನೆಯದನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡರೆ ಸಾಲದು. ಒಡಹುಟ್ಟಿದವರನ್ನು ಕೂರಿಸಿಕೊಂಡು, ಊರಿನ ಬೆಲೆ ಇಷ್ಟು, ಕೊಡುವುದು ಇಷ್ಟು, ಬಿಟ್ಟುದು ಇಂತಹ ಕಾರಣಕ್ಕೆ ಎಂದು ನಂಬಿಕೆಯ ಮಧ್ಯಸ್ಥನೊಬ್ಬನ ಮುಂದೆ ಹೇಳಿ, ಮುದುಕರ ವಾಸವನ್ನು ಪತ್ರದಲ್ಲಿ ಕಾಣಿಸಿ, ಹಣವನ್ನು ಎಣಿಸಿಕೊಟ್ಟು ಬರೆಯಿಸಿದ ಕ್ರಯವು ಉಭಯವಾದಿಗಳಿಗೆ ಮಾತ್ರವಲ್ಲದೆ ಮನೆಯವರೆಲ್ಲರಿಗೂ ಸಮ್ಮತವಾದೀತು. ಅಂತಹ ಪತ್ರವನ್ನು ಮುಂದೆ ಪೆಟ್ಟಿಗೆಯಿಂದ ತೆಗೆದು ಓದುವ ಮೊಮ್ಮಕ್ಕಳಿಗೂ ಅದರಲ್ಲಿ ಒಗಟೇನೂ ತೋರದು.